ಕೊಟ್ಟಿಗೆಯ ಸೈಕಲ್ಲನ್ನು ಮತ್ತೆ ರಸ್ತೆಗಿಳಿಸುವುದು

ದಾವಣಗೆರೆ, ಹರಿಹರ, ಚಿತ್ರದುರ್ಗ, ಹೊಳಲ್ಕೆರೆಗಳ ಸುತ್ತಮುತ್ತ ದನದ ಕೊಟ್ಟಿಗೆಯ ಗೋಡೆಗೋ ಹಿತ್ತಲಿನ ತಗಡಿನ ಶೆಡ್ಡಿಗೋ ಒರಗಿಸಿಟ್ಟ ಕಪ್ಪು ಸೈಕಲ್ಲು ಇನ್ನೂ ಎಷ್ಟೋ ಮನೆಗಳಲ್ಲಿದೆ. ಹತ್ತಿ ಗಿರಣಿಯ ಪಾಳಿಗೆ ಹೋಗುತ್ತಿದ್ದವರು, ಮಂಡಕ್ಕಿ ಚೀಲ ಹೇರಿಕೊಂಡು ಹಳ್ಳಿಗಳನ್ನು ಸುತ್ತುತ್ತಿದ್ದವರು, ಹಾಲಿನ ಕ್ಯಾನು ಕಟ್ಟಿಕೊಂಡು ಬೆಳಗಿನ ಜಾವ ಪೇಟೆಗೆ ಬರುತ್ತಿದ್ದವರು ತುಳಿದದ್ದು ಇದೇ 28 ಇಂಚಿನ ಗಾಲಿಯ, ಸರಳಿನ ಬ್ರೇಕಿನ, ಒಂದೇ ಗೇರಿನ ಸೈಕಲ್ಲನ್ನು. ಒಳಪೆಡಲ್ ಹೊಡೆದು ಸೈಕಲ್ ಕಲಿತ ತಲೆಮಾರಿನವರಿಗೆ ಇದರ ಪ್ರತಿ ನಟ್ಟೂ ಪರಿಚಿತ. ಈಗ ಹವ್ಯಾಸವಾಗಿ ಇಂಥ ಸೈಕಲ್ಲನ್ನು ದುರಸ್ತಿ ಮಾಡಲು ಹೊರಟವರಿಗೆ ಆ ಪರಿಚಯ ಇರುವುದಿಲ್ಲ. ಅಂಥವರಿಗಾಗಿ ಕೆಲಸದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಹೆಚ್ಚಿನವರು ಮೊದಲು ಮಾಡುವ ಕೆಲಸ ಬಣ್ಣ ಕೆರೆಯುವುದು. ನನ್ನ ಅಭಿಪ್ರಾಯದಲ್ಲಿ ಅದು ಕಟ್ಟಕಡೆಗೆ ಯೋಚಿಸಬೇಕಾದ ಕೆಲಸ, ಹಲವು ಸೈಕಲ್ಲುಗಳಿಗೆ ಬೇಡವೇ ಬೇಡದ ಕೆಲಸ. ಕಾರ್ಖಾನೆಯಲ್ಲಿ ಕುಲುಮೆಯ ಶಾಖಕ್ಕೆ ಒಣಗಿಸಿದ ಕಪ್ಪು ಎನಾಮೆಲ್, ಅದರ ಮೇಲೆ ಎಳೆದ ಬಂಗಾರದ ಗೆರೆ, ಮುಂಭಾಗದ ಲಾಂಛನ, ಇವು ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಆದರೆ ಸವೆದ ಗುಂಡು (ಬೇರಿಂಗ್ ಬಾಲ್), ಕೋನ್ (ಆ ಗುಂಡುಗಳು ಉರುಳುವ ಶಂಕುವಿನಾಕಾರದ ತುಂಡು), ಚೈನ್, ಬ್ರೇಕ್ ರಬ್ಬರುಗಳನ್ನು ಬದಲಿಸಿದರೆ ಸೈಕಲ್ಲಿನ ಬೆಲೆಯಾಗಲಿ ಅಂದವಾಗಲಿ ಕಡಿಮೆಯಾಗುವುದಿಲ್ಲ. ಆದ್ದರಿಂದ ತಿರುಗುವ ಭಾಗಗಳನ್ನು ಧಾರಾಳವಾಗಿ ಹೊಸದು ಮಾಡಬೇಕು, ಕಣ್ಣಿಗೆ ಕಾಣುವ ಭಾಗಗಳನ್ನು ಆದಷ್ಟು ಇದ್ದಂತೆಯೇ ಉಳಿಸಬೇಕು.

ಯಾವ ಸೈಕಲ್ಲು, ಎಂಥ ಸೈಕಲ್ಲು

ಮನೆಯಲ್ಲೇ ಒಂದಿದ್ದರೆ ಅದರಿಂದಲೇ ಆರಂಭಿಸುವುದು ಒಳ್ಳೆಯದು. ಇಲ್ಲದಿದ್ದರೆ ಗುಜರಿ ಅಂಗಡಿಗಳಲ್ಲಿ, ಹಳ್ಳಿಗಳಲ್ಲಿ ವಿಚಾರಿಸಬೇಕು. ನಮ್ಮ ಭಾಗದಲ್ಲಿ ಸಾಮಾನ್ಯವಾಗಿ ಸಿಗುವುದು ಸೋನಿಪತ್‌ನ ಅಟ್ಲಾಸ್, ಲೂಧಿಯಾನದ ಹೀರೋ ಮತ್ತು ಏವನ್, ಮದರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ ತಯಾರಿಸಿದ ಹರ್ಕ್ಯುಲಿಸ್, ಬಿ.ಎಸ್.ಎ., ಫಿಲಿಪ್ಸ್. ಇವುಗಳಿಗಿಂತ ವಿರಳವಾಗಿ ಆಸನ್ಸೋಲಿನ ಸೆನ್-ರ‍್ಯಾಲಿ ಕಾರ್ಖಾನೆಯ ರ‍್ಯಾಲಿಯೋ ಹಂಬರೋ ಕಾಣಸಿಗುತ್ತದೆ. ಇಂಗ್ಲೆಂಡಿನಲ್ಲೇ ತಯಾರಾದದ್ದು ಸಿಕ್ಕರೆ ಅದೃಷ್ಟ. ಹೆಸರಿಗಿಂತ ಸ್ಥಿತಿ ಮುಖ್ಯವೆಂದು ಆರಂಭಿಕರು ತಿಳಿಯಬೇಕು. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರಲ್ಲಿ ನಿಂತುಹೋದ ಮೇಲೂ ಆ ಮಾದರಿಯ ಬಿಡಿಭಾಗಗಳಿಗೆ ಕೊರತೆಯಾಗಿಲ್ಲ, ಏಕೆಂದರೆ ಭಾರತದ ಈ ಬಗೆಯ ಸೈಕಲ್ಲುಗಳೆಲ್ಲ ಬಹುಮಟ್ಟಿಗೆ ಒಂದೇ ಬ್ರಿಟಿಷ್ ನಮೂನೆಯಿಂದ ಹುಟ್ಟಿದವು. ರ‍್ಯಾಲಿ ಮಾತ್ರ ಇದಕ್ಕೆ ಅಪವಾದ. ಪೆಡಲ್ ಅಚ್ಚಿನ ಎರಡು ಬದಿಯಲ್ಲಿ ಗುಂಡುಗಳನ್ನು ಹಿಡಿಯುವ ಬಟ್ಟಲುಗಳಿಗೆ, ಅಂದರೆ ಕಪ್ಪುಗಳಿಗೆ, ಅದು ತನ್ನದೇ ಆದ ಇಂಚಿಗೆ 26 ಎಳೆಯ ಮರೆ (ತಿರುಪಿನ ಸುರುಳಿ ಗೆರೆ) ಬಳಸುತ್ತಿತ್ತು, ಉಳಿದ ಬ್ರಿಟಿಷ್ ಮಾದರಿಗಳದು ಇಂಚಿಗೆ 24 ಎಳೆ. ಒಂದರ ಕಪ್ಪನ್ನು ಇನ್ನೊಂದಕ್ಕೆ ಬಲವಂತದಿಂದ ತಿರುಗಿಸಿದರೆ ಚೌಕಟ್ಟೇ ಹಾಳಾಗುತ್ತದೆ.

ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳೂ ಗುಜರಿಗೆ ಬಂದಿವೆ. ಅವು ಹಳೆಯವೆನ್ನುವಷ್ಟು ಹಳೆಯವಲ್ಲ, ಆದರೆ ಕೈ ಪಳಗಿಸಿಕೊಳ್ಳಲು ಬಹಳ ಉಪಯುಕ್ತ.

ಕೊಳ್ಳುವ ಮೊದಲು ಬೆಳಕಿನಲ್ಲಿ ಚೌಕಟ್ಟನ್ನು ಪರೀಕ್ಷಿಸಬೇಕು. ಮುಂದಿನ ಗಾಲಿ ಎಲ್ಲಿಗಾದರೂ ಜೋರಾಗಿ ಗುದ್ದಿದ್ದರೆ ಅದರ ಗುರುತು ಹ್ಯಾಂಡಲ್ ಕೊಳವೆಯ ಹಿಂದೆಯೇ, ಮೇಲಿನ ಮತ್ತು ಕೆಳಗಿನ ಅಡ್ಡಕೊಳವೆಗಳ ಅಡಿಭಾಗದಲ್ಲಿ ಉಬ್ಬಾಗಿ ಅಥವಾ ಬಣ್ಣದ ಬಿರುಕಾಗಿ ಉಳಿದಿರುತ್ತದೆ, ಬೆರಳಾಡಿಸಿದರೆ ಗೊತ್ತಾಗುತ್ತದೆ. ಪಕ್ಕದಿಂದ ನೋಡಿದಾಗ ಫೋರ್ಕು (ಮುಂದಿನ ಗಾಲಿಯನ್ನು ಹಿಡಿದಿಡುವ ಕವಲು) ಹ್ಯಾಂಡಲ್ ಕೊಳವೆಯ ನೇರದಲ್ಲೇ ಇಳಿದು ತುದಿಯಲ್ಲಿ ಮಾತ್ರ ಮುಂದಕ್ಕೆ ಬಾಗಿರಬೇಕು, ಹಿಂದಕ್ಕೆ ಸರಿದಿರಬಾರದು. ಹಿಂದಿನ ಗಾಲಿ ಕೂರುವ ಒಂದು ತುದಿಗೆ ದಾರ ಕಟ್ಟಿ, ಅದನ್ನು ಹ್ಯಾಂಡಲ್ ಕೊಳವೆಯ ಮುಂದಿನಿಂದ ಬಳಸಿ ತಂದು, ಇನ್ನೊಂದು ತುದಿಗೆ ಬಿಗಿಯಾಗಿ ಕಟ್ಟಿದರೆ, ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕೆ ಇರುವ ಅಂತರ ಸಮನಾಗಿರಬೇಕು. ಎರಡು-ಮೂರು ಮಿಲಿಮೀಟರ್ ವ್ಯತ್ಯಾಸ ಸಹಜ. ಅದಕ್ಕಿಂತ ಹೆಚ್ಚಿದ್ದರೆ ಚೌಕಟ್ಟು ತಿರುಚಿದೆ ಎಂದರ್ಥ. ಕಡೆಯದಾಗಿ ಸೀಟಿನ ಕಂಬ ಅಲುಗಾಡುತ್ತದೆಯೇ ನೋಡಬೇಕು. ಕೊಳವೆಯೊಳಗೆ ತುಕ್ಕಿನಿಂದ ಕಚ್ಚಿಕೊಂಡ ಕಂಬವನ್ನು ಹೊರತೆಗೆಯುವುದು ಇಡೀ ಸೈಕಲ್ಲಿನ ಕೆಲಸಕ್ಕಿಂತ ದೊಡ್ಡ ಕೆಲಸವಾಗಬಹುದು.

ಸೀಟಿನ ಕೊಳವೆಯ ಮೇಲ್ತುದಿಯಲ್ಲೋ ಪೆಡಲ್ ಅಚ್ಚಿನ ಕೆಳಗೋ ಒತ್ತಿರುವ ಚೌಕಟ್ಟಿನ ಸಂಖ್ಯೆಯನ್ನು ಬರೆದುಕೊಂಡು, ಅದನ್ನು ನಮೂದಿಸಿದ ಒಂದು ರಸೀದಿಯನ್ನು ಮಾರುವವರಿಂದ ಪಡೆಯಿರಿ. ಕದ್ದ ಮಾಲಿನ ತಂಟೆ ಮುಂದೆಂದೂ ಬರಬಾರದು. ಪುರಸಭೆಯ ಕಾಲದ ಸೈಕಲ್ ತೆರಿಗೆಯ ಬಿಲ್ಲೆ ಇನ್ನೂ ಅಂಟಿಕೊಂಡಿದ್ದರೆ ಅದನ್ನು ಉಜ್ಜಿ ಹೊಳಪು ಮಾಡಬೇಡಿ, ಹಾಗೆಯೇ ಬಿಡಿ.

ಬೇಕಾದ ಸಲಕರಣೆ

ಪಟ್ಟಿ ಉದ್ದವಿಲ್ಲ. ಡಬಲ್ ಎಂಡ್ ಸ್ಪ್ಯಾನರುಗಳ ಒಂದು ಸೆಟ್, ಒಂದು ತಿರುಪು ಪಾನಾ, ಕೋನ್ ಹಿಡಿಯಲು ತೆಳುವಾದ ಸ್ಪ್ಯಾನರ್, ಗಾಲಿಯ ಕಡ್ಡಿಗಳ ತುದಿಯ ನಟ್ಟು (ನಿಪ್ಪಲ್) ತಿರುಗಿಸುವ ಕೀಲಿ, ಒಂದು ಕಿಲೋ ತೂಕದ ಸುತ್ತಿಗೆ, ಟಯರ್ ಲಿವರ್, ಹಿತ್ತಾಳೆಯ ತಂತಿಯ ಬ್ರಷ್, ಒಂದು ಅರ, ಮಲ್ಟಿ ಪರ್ಪಸ್ ಗ್ರೀಸು, ತೆಳು ಎಂಜಿನ್ ಎಣ್ಣೆ, ಹಳೆಯ ಹತ್ತಿ ಬಟ್ಟೆ. ತೊಳೆಯಲು ಸೀಮೆಎಣ್ಣೆ ಉತ್ತಮ; ಸಿಗದಿದ್ದರೆ ಡೀಸೆಲ್ ಸಾಕು. ಇವೆರಡನ್ನೂ ಬಯಲಿನಲ್ಲಿ, ಬೆಂಕಿಯಿಂದ ದೂರವಿಟ್ಟು ಬಳಸಬೇಕು. ಫ್ರೀವೀಲ್ (ಹಿಂದಿನ ಗಾಲಿಯ ಹಲ್ಲುಚಕ್ರ) ಕಳಚುವ ಕೀಲಿಯಂಥ ವಿಶೇಷ ಸಾಧನಗಳನ್ನು ಕೊಳ್ಳುವ ಬದಲು ಹತ್ತಿರದ ಸೈಕಲ್ ಶಾಪಿನಲ್ಲಿ ಆ ಒಂದು ಕೆಲಸವನ್ನಷ್ಟೇ ಮಾಡಿಸಿಕೊಳ್ಳಬಹುದು. ವಯಸ್ಸಾದ ಮೆಕ್ಯಾನಿಕ್ ಇರುವ ಅಂಗಡಿಯನ್ನು ಹುಡುಕಿ, ಸಂಜೆಯ ಗಿರಾಕಿಗಳು ಕಡಿಮೆಯಾದ ಹೊತ್ತಿನಲ್ಲಿ ಹೋಗಿ, "ಯಜಮಾನ್ರೇ, ಇದನ್ನ ಬಿಚ್ಚೋದು ಹೇಗೆ ಅಂತ ಒಂದ್ಸಲ ತೋರಿಸ್ರಿ" ಎಂದು ಕೇಳಿದರೆ, ಅವರು ತೋರಿಸಿಕೊಡುವುದನ್ನು ಯಾವ ಬರಹವೂ ಕಲಿಸಲಾರದು.

ಬಿಚ್ಚುವ ಕ್ರಮ

ಬಿಚ್ಚುವ ಹಿಂದಿನ ದಿನವೇ ಎಲ್ಲ ನಟ್ಟುಬೋಲ್ಟುಗಳಿಗೂ ತುಕ್ಕು ಸಡಿಲಿಸುವ ಎಣ್ಣೆ ಹಾಕಿಡಬೇಕು. ಪ್ರತಿ ಭಾಗವನ್ನು ಕಳಚುವ ಮುನ್ನ ಎರಡೂ ಬದಿಯಿಂದ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಬ್ರೇಕಿನ ಸರಳುಗಳು ಯಾವುದರ ಮೇಲೆ ಯಾವುದು ಹಾಯುತ್ತಿತ್ತು ಎಂಬುದು ವಾರ ಕಳೆದರೆ ಯಾರಿಗೂ ನೆನಪಿರುವುದಿಲ್ಲ. ಮೊದಲು ಕ್ಯಾರಿಯರ್, ಚೈನ್ ಕವರ್, ಚೈನ್, ಗಾಲಿಗಳು, ಆಮೇಲೆ ಮಡ್‌ಗಾರ್ಡ್, ಬ್ರೇಕಿನ ಸರಳು, ಪೆಡಲ್, ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಕೊನೆಗೆ ಹ್ಯಾಂಡಲ್ ಮತ್ತು ಫೋರ್ಕ್, ಇದು ಅನುಕೂಲವಾದ ಕ್ರಮ. ಒಂದೊಂದು ಭಾಗದ ನಟ್ಟು ವಾಷರುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಡಬೇಕು.

ಎರಡು ಕಡೆ ಎಚ್ಚರ ಬೇಕು. ಎಡಗಡೆಯ ಪೆಡಲಿನ ಮರೆ ಎಡಮುಖ. ಅದನ್ನು ಬಿಚ್ಚಲು ಗಡಿಯಾರದ ಮುಳ್ಳು ಚಲಿಸುವ ದಿಕ್ಕಿಗೆ ತಿರುಗಿಸಬೇಕು. ಪೆಡಲ್ ಅಚ್ಚಿನ ಬಲಗಡೆಯ ಕಪ್ಪೂ ಹಾಗೆಯೇ. ಆ ಬಲಗಡೆಯ ಕಪ್ಪನ್ನು ತೆಗೆಯುವ ಅಗತ್ಯ ಬಹಳ ಸಲ ಬರುವುದೇ ಇಲ್ಲ. ಅದನ್ನು ಅಲ್ಲೇ ಬಿಟ್ಟು, ಒಳಗೆ ಬಟ್ಟೆ ತೂರಿಸಿ ಒರೆಸಿ, ಟಾರ್ಚಿನಿಂದ ನೋಡಿ, ಗುಂಡು ಓಡುವ ದಾರಿ ನುಣುಪಾಗಿದ್ದರೆ ಮುಂದುವರಿಯಬಹುದು.

ಹವ್ಯಾಸಿಗಳನ್ನು ಹೆಚ್ಚು ಸತಾಯಿಸುವುದು ಕ್ರ್ಯಾಂಕನ್ನು ಅಚ್ಚಿಗೆ ಹಿಡಿದಿಡುವ ಕಾಟರ್ ಪಿನ್. ಇದು ಒಂದು ಬದಿ ಓರೆಯಾಗಿ ಅರೆದ ಚಿಕ್ಕ ಬೆಣೆ. ದಶಕಗಳ ತುಳಿತಕ್ಕೆ ಅದು ಕ್ರ್ಯಾಂಕಿನ ತೂತಿನಲ್ಲಿ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ನಟ್ಟನ್ನು ಪೂರ್ತಿ ತೆಗೆದು ಮರೆಯ ಮೇಲೆ ಸುತ್ತಿಗೆಯಿಂದ ಟಕಟಕನೆ ಕುಟ್ಟಿದರೆ ಮರೆ ಬಾಗುತ್ತದೆ, ಪಿನ್ ಮಾತ್ರ ಜಗ್ಗುವುದಿಲ್ಲ. ಸರಿಯಾದ ವಿಧಾನ ಹೀಗಿದೆ. ನಟ್ಟನ್ನು ಪಿನ್ನಿನ ತುದಿಗೆ ಸಮವಾಗುವವರೆಗೆ ಮಾತ್ರ ಸಡಿಲಿಸಿ. ಪಿನ್ನಿನ ತಲೆ ಹೊರಬರಲು ಜಾಗವಿರುವಷ್ಟು ಅಗಲದ ಕಬ್ಬಿಣದ ಕೊಳವೆಯೊಂದನ್ನು ಕ್ರ್ಯಾಂಕಿನ ಕೆಳಗೆ ನೇರವಾಗಿ ನಿಲ್ಲಿಸಿ, ಅದರ ಇನ್ನೊಂದು ತುದಿ ಕಲ್ಲುಹಾಸಿನ ಮೇಲೋ ಸಿಮೆಂಟ್ ನೆಲದ ಮೇಲೋ ಊರಿರಲಿ. ಹೀಗೆ ಆಸರೆ ಕೊಟ್ಟರೆ ಪೆಟ್ಟಿನ ಬಲವೆಲ್ಲ ಪಿನ್ನಿಗೆ ಹೋಗುತ್ತದೆ. ಇಲ್ಲದಿದ್ದರೆ ಅದು ಒಳಗಿನ ಗುಂಡುಗಳಿಗೆ ಹೋಗಿ ಕಪ್ಪಿನಲ್ಲಿ ತಗ್ಗು ಮಾಡುತ್ತದೆ. ಆಮೇಲೆ ನಟ್ಟಿನ ಮೇಲೆ ಹಿತ್ತಾಳೆಯ ತುಂಡಿಟ್ಟು, ಭಾರದ ಸುತ್ತಿಗೆಯಿಂದ ಒಂದೇ ಪೆಟ್ಟು ಗಟ್ಟಿಯಾಗಿ ಕೊಡಬೇಕು. ಹತ್ತು ಸಣ್ಣ ಪೆಟ್ಟುಗಳಿಂದ ಪಿನ್ ಇನ್ನಷ್ಟು ಅಗಲವಾಗಿ ಕೂರುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಬಗ್ಗದಿದ್ದರೆ ಮತ್ತೆ ಎಣ್ಣೆ ಹಾಕಿ ಒಂದು ದಿನ ಬಿಡಿ.

ಹೊಸ ಪಿನ್ ಹಾಕುವಾಗ ಓರೆ ಬದಿಯನ್ನು ಅರದಿಂದ ತುಸು ಸಮ ಮಾಡಿ, ಅಚ್ಚಿನ ಚಪ್ಪಟೆ ಭಾಗಕ್ಕೆ ಪೂರ್ತಿ ತಾಗುವಂತೆ ನೋಡಿಕೊಳ್ಳಬೇಕು. ಎರಡು ಕ್ರ್ಯಾಂಕುಗಳನ್ನೂ ಒಂದಾದ ಮೇಲೊಂದರಂತೆ ಕೆಳಮುಖವಾಗಿ ತಂದು ನೋಡಿದಾಗ ಎರಡರ ಪಿನ್ನುಗಳೂ ಒಂದೇ ಕಡೆಯಿಂದ ಹೊಕ್ಕಿರಬೇಕು. ಒಂದು ಹಿಂದುಮುಂದಾದರೆ ಪೆಡಲುಗಳು ಒಂದೇ ನೇರದಲ್ಲಿ ನಿಲ್ಲುವುದಿಲ್ಲ, ತುಳಿಯುವಾಗ ಕಾಲು ಕುಂಟಿದಂತಾಗುತ್ತದೆ. ನಟ್ಟಿನಿಂದ ಎಳೆದು ಕೂರಿಸುವ ಯತ್ನ ಬೇಡ. ಪಿನ್ನನ್ನು ಪೆಟ್ಟು ಕೊಟ್ಟು ಕೂರಿಸಬೇಕು, ನಟ್ಟು ಅದನ್ನು ಹಿಡಿದಿಡಲು ಮಾತ್ರ.

ಕೊಳೆ, ತುಕ್ಕು, ಬಣ್ಣ

ಚೌಕಟ್ಟನ್ನು ಸಾಬೂನಿನ ನೀರಿನಿಂದ ಮೃದುವಾಗಿ ತೊಳೆದು ಒಣಗಿಸಿ, ನಂತರ ಎಣ್ಣೆ ಅದ್ದಿದ ಹತ್ತಿ ಬಟ್ಟೆಯಿಂದ ಒರೆಸುತ್ತ ಬನ್ನಿ. ಕೊಳೆಯ ಪದರವೆಂದು ತೋರಿದ್ದು ಬಹಳ ಸಲ ಹಳೆಯ ಎಣ್ಣೆ ಮತ್ತು ದೂಳು ಸೇರಿ ಗಟ್ಟಿಯಾದ ಕಟ್ಟು. ಅದರಡಿಯ ಬಣ್ಣ ಆರೋಗ್ಯವಾಗಿರುತ್ತದೆ. ಹೆಸರು ಬರೆದ ಚಿತ್ರಪಟ್ಟಿಗಳ ಮೇಲೆ ಥಿನ್ನರ್, ಪೆಟ್ರೋಲುಗಳನ್ನು ಎಂದೂ ತಾಗಿಸಬಾರದು. ಕಾರಿಗೆ ಬಳಸುವ ಪಾಲಿಶ್ ಕೂಡ ಉಜ್ಜುವ ಗುಣದ್ದು. ಅದನ್ನು ಕಣ್ಣಿಗೆ ಬೀಳದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಕೊನೆಯಲ್ಲಿ ತೆಳುವಾಗಿ ಮೇಣ ಹಚ್ಚಿದರೆ ಕಪ್ಪು ಬಣ್ಣ ಆಳವಾಗಿ ಕಾಣುತ್ತದೆ, ತುಕ್ಕೂ ಹರಡುವುದಿಲ್ಲ.

ಹ್ಯಾಂಡಲ್, ರಿಮ್, ಕ್ರ್ಯಾಂಕುಗಳ ಕ್ರೋಮ್ ಮೇಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಉಜ್ಜುವುದು ಸುಲಭ ಮಾರ್ಗ. ಅಲ್ಯೂಮಿನಿಯಂ ಕ್ರೋಮಿಗಿಂತ ಮೃದುವಾದ್ದರಿಂದ ಗೀರು ಬೀಳುವುದಿಲ್ಲ. ಒರಟಾದ ಉಕ್ಕಿನ ನಾರಾಗಲಿ ಮರಳುಕಾಗದವಾಗಲಿ ಗೀರು ಬೀಳಿಸುತ್ತವೆ. ನಟ್ಟು, ಬೋಲ್ಟು, ಸ್ಟ್ಯಾಂಡಿನ ತುಂಡುಗಳಂಥ ಬಣ್ಣವಿಲ್ಲದ ಕಬ್ಬಿಣಕ್ಕೆ ನಿಂಬೆಉಪ್ಪಿನ ದ್ರಾವಣ ಒಳ್ಳೆಯದು. ಲೀಟರ್ ನೀರಿಗೆ ಸುಮಾರು 50 ಗ್ರಾಂ ಕರಗಿಸಿ, ಕೆಲವು ಗಂಟೆ ನೆನೆಸಿ, ಬ್ರಷ್ಷಿನಿಂದ ತಿಕ್ಕಿ, ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಅದ್ದಿ ತೆಗೆದು, ತಕ್ಷಣ ಒಣಗಿಸಿ ಎಣ್ಣೆ ಸವರಬೇಕು. ತಡಮಾಡಿದರೆ ಕಣ್ಣೆದುರಿಗೇ ಹೊಸ ತುಕ್ಕು ಹಿಡಿಯುತ್ತದೆ. ಸೀಟಿನ ಸ್ಪ್ರಿಂಗ್, ಅಚ್ಚು, ಕೋನ್, ಕಪ್ಪುಗಳನ್ನು ಆಮ್ಲದಲ್ಲಿ ನೆನೆಹಾಕಬಾರದು. ಹದಗೊಳಿಸಿದ ಉಕ್ಕು ಆಮ್ಲದಿಂದ ಪೆಡಸಾಗಿ ಮುರಿಯುವ ಸಾಧ್ಯತೆ ಇದೆ. ಅವುಗಳಿಗೆ ಸೀಮೆಎಣ್ಣೆ, ಬ್ರಷ್ಷು, ತಾಳ್ಮೆ ಸಾಕು.

ಯಾರೋ ಹಿಂದೆಯೇ ಮನೆಯ ಗೇಟಿನ ಬಣ್ಣ ಬಳಿದು ಹಾಳು ಮಾಡಿದ್ದರೆ, ಅಥವಾ ಮೂಲ ಬಣ್ಣ ಅರ್ಧಕ್ಕಿಂತ ಹೆಚ್ಚು ಹೋಗಿ ಕಬ್ಬಿಣ ತೆರೆದುಕೊಂಡಿದ್ದರೆ, ಆಗ ಹೊಸ ಬಣ್ಣದ ಮಾತು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣಗಿಸಿ ಉಜ್ಜದೆ, ನೀರು ಬಳಸುವ ಉಜ್ಜುಕಾಗದದಿಂದ ಮಾಸ್ಕ್ ಧರಿಸಿ ಉಜ್ಜಬೇಕು. ರೆಡ್ ಆಕ್ಸೈಡ್ ಪ್ರೈಮರಿನ ಮೇಲೆ ಕಪ್ಪು ಸಿಂಥೆಟಿಕ್ ಎನಾಮೆಲನ್ನು ಎರಡು-ಮೂರು ತೆಳು ಪದರಗಳಲ್ಲಿ ಸಿಂಪಡಿಸಿದರೆ ಹಳೆಯ ನೋಟಕ್ಕೆ ಹತ್ತಿರವಾಗುತ್ತದೆ. ಪೌಡರ್ ಕೋಟಿಂಗ್ ಗಟ್ಟಿಯೇನೋ ಹೌದು, ಆದರೆ ಅದರ ದಪ್ಪ ಪದರದಡಿ ಚೌಕಟ್ಟಿನ ಬೆಸುಗೆಯಂಚುಗಳ ನವುರು ಮುಚ್ಚಿಹೋಗುತ್ತದೆ. ಮಾಡಿಸುವುದಾದರೆ ಮರೆಗಳನ್ನೂ ಕಪ್ಪು ಕೂರುವ ಜಾಗಗಳನ್ನೂ ಮುಚ್ಚಿಸುವುದನ್ನು ಮರೆಯಬಾರದು.

ಗುಂಡು, ಕಪ್, ಕೋನ್

ಹಳೆಯ ಸೈಕಲ್ಲು ಹಗುರವಾಗಿ ಓಡುವುದೂ ಭಾರವಾಗುವುದೂ ಇಲ್ಲಿಯೇ ನಿರ್ಧಾರವಾಗುತ್ತದೆ. ಗುಂಡುಗಳು ಪಂಜರವಿಲ್ಲದೆ ಬಿಡಿಯಾಗಿ ಇರುವುದರಿಂದ ಅಗಲ ತಟ್ಟೆಯ ಮೇಲೆ ಬಿಚ್ಚಿ, ಪ್ರತಿ ಬದಿಯದನ್ನೂ ಎಣಿಸಬೇಕು. ಬ್ರಿಟಿಷ್ ನಮೂನೆಯ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದಿನ ಹಬ್ಬಿಗೆ (ಗಾಲಿಯ ನಡುಭಾಗಕ್ಕೆ) ಬದಿಗೆ 10ರಂತೆ 3/16 ಇಂಚಿನವು, ಹಿಂದಿನ ಹಬ್ಬಿಗೆ ಬದಿಗೆ 9ರಂತೆ 1/4 ಇಂಚಿನವು, ಪೆಡಲ್ ಅಚ್ಚಿಗೆ ಬದಿಗೆ 11ರಂತೆ 1/4 ಇಂಚಿನವು ಇರುತ್ತವೆ. ಹಿಂದಿನ ದುರಸ್ತಿಯಲ್ಲಿ ಯಾರಾದರೂ ಒಂದೆರಡು ಹೆಚ್ಚುಕಡಿಮೆ ಹಾಕಿರಬಹುದಾದ್ದರಿಂದ ಎಣಿಕೆಯನ್ನೇ ನಂಬದೆ, ಕಪ್ಪು ತುಂಬಿದ ಮೇಲೆ ಒಂದು ಗುಂಡಿಗಿಂತ ತುಸು ಕಡಿಮೆ ಜಾಗ ಉಳಿಯುತ್ತದೆಯೇ ಎಂದು ನೋಡಬೇಕು. ಒತ್ತೊತ್ತಾಗಿ ತುಂಬಿದರೆ ಗುಂಡುಗಳು ಉರುಳದೆ ಒಂದಕ್ಕೊಂದು ತಿಕ್ಕುತ್ತವೆ. ಹಳೆಯದರ ಜೊತೆ ಹೊಸದನ್ನು ಬೆರೆಸಬೇಡಿ. ಗುಂಡು ಅಗ್ಗದ ವಸ್ತು, ಎಲ್ಲವನ್ನೂ ಬದಲಿಸುವುದೇ ಲೇಸು.

ಕೋನ್ ಮೇಲೆ ಗುಂಡು ಓಡಿದ ಗೆರೆ ಹೊಳೆಯುತ್ತಿದ್ದರೆ ಚಿಂತೆಯಿಲ್ಲ, ಉಗುರಿಗೆ ತಡೆಯುವಂಥ ತಗ್ಗುಗಳಿದ್ದರೆ ಬದಲಿಸಲೇಬೇಕು. ಅಂಗಡಿಯಲ್ಲಿ ಅಳತೆಗೆ ಸಿಗದಿದ್ದಾಗ ಲೇತಿನಲ್ಲಿ ಮಾಡಿಸುವ ಆಸೆ ಸಹಜ. ಮೈಸೂರು ಕಿರ್ಲೋಸ್ಕರ್ 1941ರಿಂದ ಲೇತ್ ಯಂತ್ರಗಳನ್ನೇ ತಯಾರಿಸಿದ ಹರಿಹರದ ಪಕ್ಕದಲ್ಲಿರುವ ನಮಗೆ ಒಳ್ಳೆಯ ಟರ್ನರುಗಳಿಗೆ ಬರವಿಲ್ಲ. ಅಚ್ಚಿನ ಬುಷ್, ವಾಷರ್, ಸ್ಟ್ಯಾಂಡಿನ ಪಿನ್ನುಗಳನ್ನು ಧಾರಾಳವಾಗಿ ಮಾಡಿಸಿ. ಕೋನನ್ನು ಮಾತ್ರ ಸಾದಾ ಕಬ್ಬಿಣದಲ್ಲಿ ಕಡೆಸಿದರೆ ಮೇಲ್ಮೈಗೆ ಹದ ಕೊಡದ ಕಾರಣ ಕೆಲವೇ ತಿಂಗಳಲ್ಲಿ ತಗ್ಗು ಬೀಳುತ್ತದೆ. ಬೇರೊಂದು ಗುಜರಿ ಸೈಕಲ್ಲಿನ ಚೆನ್ನಾಗಿರುವ ಕೋನ್ ಅದಕ್ಕಿಂತ ಮೇಲು.

ಕಪ್ಪಿಗೆ ಗ್ರೀಸು ಬಳಿದು ಗುಂಡುಗಳನ್ನು ಅದರಲ್ಲೇ ಕೂರಿಸಿದರೆ ಉದುರುವುದಿಲ್ಲ. ಕೋನನ್ನು ಕೈಯಿಂದ ಬಿಗಿಯಾಗುವವರೆಗೆ ತಿರುಗಿಸಿ, ಕಾಲು ಸುತ್ತು ಹಿಂದಕ್ಕೆ ಬಿಟ್ಟು, ಲಾಕ್ ನಟ್ಟನ್ನು ಬಿಗಿಯುವಾಗ ಕೋನ್ ತಾನೂ ತುಸು ಬಿಗಿಯಾಗುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ರಿಮ್ಮನ್ನು ಅತ್ತಿತ್ತ ಅಲುಗಿಸಿದಾಗ ಆಟ ಇರಬಾರದು. ಗಾಲಿಯನ್ನು ಮೆಲ್ಲಗೆ ತಿರುಗಿಸಿ ಬಿಟ್ಟರೆ ಅದರ ಭಾರದ ಕಡೆ ತಾನಾಗಿ ಕೆಳಗೆ ಬಂದು, ಹಿಂದೆಮುಂದೆ ತೂಗಿ ನಿಲ್ಲಬೇಕು. ಹ್ಯಾಂಡಲಿನ ಗುಂಡುಗಳಿಗೂ ಇದೇ ನಿಯಮ. ಫ್ರೀವೀಲಿನ ಒಳಭಾಗವನ್ನು ಮಾತ್ರ ಬಿಚ್ಚಬೇಡಿ, ಗ್ರೀಸನ್ನೂ ಹಾಕಬೇಡಿ. ಒಳಗಿನ ನಾಲಗೆಗಳು ಗ್ರೀಸಿನಲ್ಲಿ ಅಂಟಿಕೊಂಡರೆ ಪೆಡಲು ಹಿಡಿತ ತಪ್ಪುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿ, ತಿರುಗಿಸಿ, ಕೊಳೆ ಇಳಿಸಿ, ಒಣಗಿದ ಮೇಲೆ ತೆಳು ಎಣ್ಣೆ ಬಿಟ್ಟರೆ ಟಿಕಟಿಕ ಸದ್ದು ಮರಳುತ್ತದೆ.

ಗಾಲಿಯ ಬೆಂಡ್ ತೆಗೆಯುವುದು

ಈ ಸೈಕಲ್ಲುಗಳಲ್ಲಿ ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಕಡ್ಡಿಗಳಿರುವುದು ಹಳೆಯ ಪದ್ಧತಿ. ಭಾರ ಬೀಳುವುದು ಹಿಂದಿನ ಗಾಲಿಯ ಮೇಲೆ ಎಂಬುದೇ ಇದಕ್ಕೆ ಕಾರಣ. ಮೊದಲು ರಿಮ್ಮನ್ನು ಪರೀಕ್ಷಿಸಿ: ನಿಪ್ಪಲ್ ತೂತುಗಳ ಸುತ್ತ ಬಿರುಕು ಬಿಟ್ಟಿದ್ದರೆ ಅಥವಾ ತುಕ್ಕು ತಿಂದು ತೆಳುವಾಗಿದ್ದರೆ ಆ ರಿಮ್ಮಿನ ಮೇಲೆ ಶ್ರಮ ಹಾಕಬೇಡಿ. ರಿಮ್ ಚೆನ್ನಾಗಿದ್ದರೆ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಫೋರ್ಕಿಗೆ ಒರಗಿಸಿ ಸೀಮೆಸುಣ್ಣ ಹಿಡಿದು ಗಾಲಿ ತಿರುಗಿಸಿ. ರಿಮ್ ಎಲ್ಲಿ ಹೊರಬಾಗಿದೆಯೋ ಅಲ್ಲಿ ಗುರುತು ಬೀಳುತ್ತದೆ. ಎಡಕ್ಕೆ ಬಾಗಿದ್ದರೆ ಆ ಜಾಗದ ಬಲಬದಿಯ ಕಡ್ಡಿಗಳನ್ನು ಬಿಗಿಮಾಡಿ, ಎಡಬದಿಯವನ್ನು ಅಷ್ಟೇ ಸಡಿಲಿಸಬೇಕು. ಟಯರ್ ಕೂರುವ ಕಡೆಯಿಂದ ನೋಡಿದಾಗ ನಿಪ್ಪಲನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಗಿ, ವಿರುದ್ಧ ದಿಕ್ಕಿಗೆ ಸಡಿಲ. ಒಂದು ಸಲಕ್ಕೆ ಕಾಲು ಸುತ್ತು ಸಾಕು. ಒಂದೇ ಕಡ್ಡಿಯಿಂದ ಇಡೀ ಬೆಂಡ್ ತೆಗೆಯಲು ಹೋದರೆ ಒಂದು ಕಡೆ ಸರಿಯಾಗಿ ಎರಡು ಕಡೆ ಕೆಡುತ್ತದೆ. ಅಕ್ಕಪಕ್ಕದ ನಾಲ್ಕಾರು ಕಡ್ಡಿಗಳಿಗೆ ಕೆಲಸವನ್ನು ಹಂಚಬೇಕು.

ಅಡ್ಡಬೆಂಡ್ ಹೋದ ಮೇಲೆ ಏರುತಗ್ಗು ನೋಡಬೇಕು. ರಿಮ್ ಉಬ್ಬಿದ ಕಡೆ ಎರಡೂ ಬದಿಯ ಕಡ್ಡಿಗಳನ್ನು ಸಮನಾಗಿ ಬಿಗಿಯಬೇಕು, ತಗ್ಗಿದ ಕಡೆ ಸಡಿಲಿಸಬೇಕು. ಕೊನೆಗೆ ಎಲ್ಲ ಕಡ್ಡಿಗಳನ್ನೂ ಬೆರಳಿನಿಂದ ಮೀಟುತ್ತ ಬನ್ನಿ. ಒಂದೇ ಬದಿಯ ಕಡ್ಡಿಗಳು ತಂಬೂರಿಯ ತಂತಿಗಳಂತೆ ಹೆಚ್ಚುಕಡಿಮೆ ಒಂದೇ ಶ್ರುತಿಯಲ್ಲಿ ನುಡಿದರೆ ಬಿಗಿ ಸಮನಾಗಿದೆ ಎಂದರ್ಥ. ಮಂಕಾಗಿ ನುಡಿದದ್ದು ಸಡಿಲ. ನಿಪ್ಪಲಿನಿಂದ ಮೇಲೆದ್ದ ಕಡ್ಡಿಯ ತುದಿಯನ್ನು ಅರದಿಂದ ಉಜ್ಜಿ, ರಿಮ್ ಪಟ್ಟಿ ಹಾಕಿದ ಮೇಲೆಯೇ ಟ್ಯೂಬ್ ಕೂರಿಸಬೇಕು.

ಟಯರ್ ಕೊಳ್ಳುವಾಗ 28 ಇಂಚು ಎಂದಷ್ಟೇ ಹೇಳಿದರೆ ಸಾಲದು. ಬೇಕಾದದ್ದು 28 x 1½, ಅದರ ಅಂಚಿನಲ್ಲಿ 635 ಎಂಬ ಅಂಕೆಯೂ ಇರುತ್ತದೆ. ಆಧುನಿಕ ಸೈಕಲ್ಲುಗಳ 622ರ ಟಯರ್ ಈ ರಿಮ್ಮಿಗೆ ಕೂರುವುದಿಲ್ಲ. ಗಾಳಿ ನಿಲ್ಲದಿದ್ದರೆ ಟ್ಯೂಬನ್ನು ದೂರುವ ಮೊದಲು ವಾಲ್ ಟ್ಯೂಬ್ ನೋಡಿ. ಆ ಚಿಕ್ಕ ರಬ್ಬರು ಬಿಸಿಲಿಗೆ ಬಿರುಕು ಬಿಡುತ್ತದೆ, ಅಂಗಡಿಗೆ ತಳ್ಳಿಕೊಂಡು ಹೋದ ಎಷ್ಟೋ "ಪಂಕ್ಚರು"ಗಳು ಅಷ್ಟಕ್ಕೇ ಮುಗಿಯುತ್ತವೆ.

ಸರಳಿನ ಬ್ರೇಕು

ಹ್ಯಾಂಡಲಿನ ಹಿಡಿ ಒತ್ತಿದರೆ ಸರಳುಗಳು ಒಂದನ್ನೊಂದು ಎಳೆದು, ಕುದುರೆಲಾಳದ ಆಕಾರದ ಕಬ್ಬಿಣ ಮೇಲೆದ್ದು, ಎರಡು ರಬ್ಬರುಗಳು ರಿಮ್ಮಿನ ಒಳಮೈಗೆ ಒತ್ತುತ್ತವೆ. ಇಲ್ಲಿ ಕೇಬಲ್ ಇಲ್ಲವಾದ್ದರಿಂದ ಹರಿಯುವ ಭಯವಿಲ್ಲ, ಆದರೆ ಪ್ರತಿ ಕೀಲಿನಲ್ಲೂ ಸ್ವಲ್ಪ ಸ್ವಲ್ಪ ಆಟ ಸೇರಿ ಹಿಡಿ ಪೂರ್ತಿ ಒತ್ತಿದರೂ ರಬ್ಬರು ತಾಗದ ಸ್ಥಿತಿ ಬರುತ್ತದೆ. ಹಾಗಾಗಿ ಮೊದಲು ಕೀಲುಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಬಾಗಿದ ಸರಳುಗಳನ್ನು ನೇರಮಾಡಿ, ಸಡಿಲವಾದ ಹಿಡಿಕೆಗಳನ್ನು ಬಿಗಿಮಾಡಬೇಕು. ಆನಂತರ ರಬ್ಬರಿಗೂ ರಿಮ್ಮಿಗೂ ನಡುವೆ ಎರಡು-ಮೂರು ಮಿಲಿಮೀಟರ್ ಅಂತರ ಉಳಿಯುವಂತೆ ಸರಳಿನ ಉದ್ದವನ್ನು ಹೊಂದಿಸಬೇಕು. ರಬ್ಬರು ಕೂರುವ ತಗಡಿನ ಗೂಡಿಗೆ ಒಂದು ತುದಿ ಮುಚ್ಚಿರುತ್ತದೆ, ಒಂದು ತೆರೆದಿರುತ್ತದೆ. ಗಾಲಿ ಮುಂದಕ್ಕೆ ಉರುಳುವಾಗ ಆ ಜಾಗದಲ್ಲಿ ರಿಮ್ ಯಾವ ಕಡೆಗೆ ಸರಿಯುತ್ತದೋ ಆ ಕಡೆಗೆ ಮುಚ್ಚಿದ ತುದಿ ಇರಬೇಕು. ತಿರುಗುಮುರುಗಾಗಿ ಹಾಕಿದರೆ ಮೊದಲ ಜೋರು ಬ್ರೇಕಿಗೇ ರಬ್ಬರು ಗೂಡಿನಿಂದ ಜಾರಿ ರಸ್ತೆಗೆ ಬೀಳುತ್ತದೆ, ಸೈಕಲ್ಲು ನಿಲ್ಲುವುದಿಲ್ಲ.

ಎಲ್ಲವೂ ಸರಿಯಿದ್ದರೂ ಕ್ರೋಮ್ ರಿಮ್ಮಿನ ಮೇಲೆ ಮಳೆನೀರು ಬಿದ್ದಾಗ ಈ ಬ್ರೇಕು ಬಹಳ ದುರ್ಬಲ. ದಾವಣಗೆರೆಯ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ದಟ್ಟಣೆಯಲ್ಲಿ ಮಳೆಯ ದಿನ ಇದನ್ನು ಓಡಿಸುವುದು ಜಾಣತನವಲ್ಲ.

ಚೈನ್ ಮತ್ತು ಹಲ್ಲು

ಚೈನಿನ ಕೊಂಡಿಗಳು ಅರ್ಧ ಇಂಚಿನ ಅಂತರದವು, ಆದ್ದರಿಂದ ಹೊಸ ಚೈನಿನ 24 ಕೊಂಡಿಗಳು ಸರಿಯಾಗಿ 12 ಇಂಚು. ಸ್ಕೇಲಿನಲ್ಲಿ ಅದು 12⅛ ಇಂಚು ತೋರಿಸಿದರೆ ಬದಲಿಸಿ. ಅರ್ಧ ಇಂಚಿನಷ್ಟು ಮೇಲೆಕೆಳಗೆ ಆಡುವ ಸಡಿಲ ಬಿಡಬೇಕು. ಜೋಡಣೆಯ ಲಾಕಿನ ತೆರೆದ ಬಾಯಿ ಚೈನ್ ಚಲಿಸುವ ದಿಕ್ಕಿಗೆ ವಿರುದ್ಧವಾಗಿರಲಿ.

ಹಲ್ಲುಗಳ ಲೆಕ್ಕ ಊರಿಗೆ ತಕ್ಕಂತೆ ಇರಬೇಕೆಂಬುದು ನನ್ನ ವಾದ. ಮುಂದೆ 44, ಹಿಂದೆ 18 ಹಲ್ಲಿದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 5.4 ಮೀಟರ್ ಹೋಗುತ್ತದೆ. ದಾವಣಗೆರೆಯ ಸಮತಟ್ಟು ರಸ್ತೆಗಳಿಗೆ, ಹರಿಹರದವರೆಗಿನ ದಾರಿಗೆ ಇದು ಹಿತವಾಗಿದೆ. ಚಿತ್ರದುರ್ಗದಲ್ಲಿ ಕೋಟೆಯ ಕಡೆಗೋ ಚಂದ್ರವಳ್ಳಿಯ ಕಡೆಗೋ ಹೋಗಿಬರುವವರು ಹಿಂದೆ 20 ಹಲ್ಲಿನ ಫ್ರೀವೀಲ್ ಹಾಕಿಸಿಕೊಂಡರೆ ಆ ದೂರ 4.9 ಮೀಟರಿಗೆ ಇಳಿಯುತ್ತದೆ, ಮೊಣಕಾಲಿಗೆ ಉಪಕಾರವಾಗುತ್ತದೆ. ಜೋಗಿಮಟ್ಟಿಯ ಏರನ್ನು ಮಾತ್ರ ಎರಡರಲ್ಲಿ ಯಾವುದರಿಂದಲೂ ತಳ್ಳಿಕೊಂಡೇ ಹತ್ತಬೇಕು.

ಚರ್ಮದ ಸೀಟಿದ್ದರೆ ನೀರಿನಿಂದ ತೊಳೆಯಬಾರದು, ಎಣ್ಣೆಯನ್ನೂ ಸುರಿಯಬಾರದು; ಮೇಣ ಬೆರೆತ ಪಾಲಿಶನ್ನು ತೆಳುವಾಗಿ ಹಚ್ಚಿ, ಜೋತುಬಿದ್ದಿದ್ದರೆ ಮೂತಿಯ ಕೆಳಗಿನ ನಟ್ಟನ್ನು ಅರ್ಧ ಸುತ್ತು ಮಾತ್ರ ಬಿಗಿಯಬೇಕು.

ಓಡಿಸಿದ ಮೇಲಿನ ಆರೈಕೆ

ಮೊದಲ ಸವಾರಿ ಕುಂದವಾಡ ಕೆರೆಯ ಕಡೆಯಂಥ ವಾಹನ ಕಡಿಮೆ ಇರುವ ದಾರಿಯಲ್ಲಿ, ಬೆಳಿಗ್ಗೆ, ಸ್ಪ್ಯಾನರ್ ಜೇಬಿನಲ್ಲಿಟ್ಟುಕೊಂಡು ಆಗಲಿ. ನಾಲ್ಕೈದು ಕಿಲೋಮೀಟರಿನ ನಂತರ ಕಾಟರ್ ಪಿನ್ನಿನ ನಟ್ಟುಗಳು ಸಡಿಲವಾಗಿರುವುದು ಖಂಡಿತ. ಪಿನ್ನಿಗೆ ಮತ್ತೊಂದು ಪೆಟ್ಟು ಕೊಟ್ಟು ಬಿಗಿಮಾಡಬೇಕು. ಗಾಲಿಯ ನಟ್ಟು, ಹ್ಯಾಂಡಲ್, ಸೀಟುಗಳನ್ನೂ ಆಗಲೇ ನೋಡಿ. ವಾರ ಕಳೆದ ಮೇಲೆ ಕಡ್ಡಿಗಳನ್ನು ಮತ್ತೊಮ್ಮೆ ಮೀಟಿ ಪರೀಕ್ಷಿಸಬೇಕು.

ನಮ್ಮದು ಕರಾವಳಿಯಂತೆ ತುಕ್ಕಿನ ಸೀಮೆಯಲ್ಲ, ದೂಳಿನ ಸೀಮೆ. ಬೇಸಿಗೆಯಲ್ಲಿ ಚೈನಿಗೆ ಎಣ್ಣೆ ಹೆಚ್ಚಾದರೆ ದೂಳು ಸೇರಿ ಉಜ್ಜುಪುಡಿಯಂತಾಗುತ್ತದೆ. ಎಣ್ಣೆ ಬಿಟ್ಟು, ಕಾಲು ಗಂಟೆ ಬಿಟ್ಟು, ಹೊರಗಿನದನ್ನೆಲ್ಲ ಒರೆಸಿಬಿಡಬೇಕು. ಭದ್ರಾ ನಾಲೆಯ ಗದ್ದೆಬಯಲಿನ ಎರೆ ಮಣ್ಣು ಮಳೆಗಾಲದಲ್ಲಿ ಟಯರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಗಾಲಿಯನ್ನೇ ನಿಲ್ಲಿಸುತ್ತದೆ. ಅದು ಒಣಗುವ ಮೊದಲೇ ಕಡ್ಡಿಯಿಂದ ಕೆರೆದು ತೆಗೆಯಬೇಕು, ಏಕೆಂದರೆ ಮಡ್‌ಗಾರ್ಡಿನ ಒಳಮೈಗೆ ಅಂಟಿದ ಹಸಿ ಮಣ್ಣು ತಿಂಗಳುಗಟ್ಟಲೆ ತೇವ ಹಿಡಿದಿಟ್ಟು ತಗಡನ್ನು ತೂತು ಮಾಡುತ್ತದೆ. ಮಳೆ ಮುಗಿದ ಮೇಲೆ ವರ್ಷಕ್ಕೊಮ್ಮೆ ಗುಂಡುಗಳನ್ನು ಬಿಚ್ಚಿ ಹೊಸ ಗ್ರೀಸು ತುಂಬಿದರೆ ಸಾಕು.

ಚಿತ್ರದುರ್ಗದ ಕಡೆ ಹೆಚ್ಚು ಕಾಡುವುದು ಬಳ್ಳಾರಿ ಜಾಲಿಯ ಮುಳ್ಳು. ಟ್ಯೂಬಿಗೆ ಪ್ಯಾಚ್ ಹಾಕಿದ ತಕ್ಷಣ ಟಯರ್ ಹಾಕಿಬಿಡಬೇಡಿ. ಟಯರಿನ ಒಳಮೈಯಲ್ಲಿ ಹತ್ತಿ ಬಟ್ಟೆಯನ್ನು ಸುತ್ತಲೂ ಎಳೆಯಿರಿ. ಮುರಿದು ಉಳಿದ ಮುಳ್ಳಿನ ತುದಿ ಬೆರಳಿಗೆ ಸಿಗದಿದ್ದರೂ ಬಟ್ಟೆಯ ನೂಲಿಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಇಕ್ಕಳದಿಂದ ಒಳಗಿನಿಂದಲೇ ಕಿತ್ತು, ಅದೇ ಜಾಗದ ಅಕ್ಕಪಕ್ಕ ಇನ್ನೊಂದಿದೆಯೇ ನೋಡಿ. ಇಕ್ಕಳಕ್ಕೆ ಸಿಗದಷ್ಟು ಚಿಕ್ಕದಾದರೆ ಹೊರಗಿನಿಂದ ಸೂಜಿಯಲ್ಲಿ ಒತ್ತಿ ಒಳಕ್ಕೆ ತಳ್ಳಿ, ಆಮೇಲೆ ಎಳೆಯಬೇಕು.